ಪಾಸ್‌ವರ್ಡ್ ಬೇಡ, ಕೊಂಡಿ ಸಾಕು

ಆಸ್ಪತ್ರೆಯವರು ಹಣ ತೆತ್ತು ಪಡೆದಿರುವ ವೈದ್ಯಕೀಯ ಮಾಹಿತಿ ಕೋಶದ ಪಾಸ್‌ವರ್ಡನ್ನು ನಿಮ್ಮ ಶಾಲೆಯೂ ಪಕ್ಕದ ಗ್ರಂಥಾಲಯವೂ ಬಳಸಬಹುದೇ ಎಂದು ಕೇಳಿದ್ದೀರಿ. ಬೇಡ. ಇಂಥ ಚಂದಾ ಸಾಮಾನ್ಯವಾಗಿ ಒಂದು ಸಂಸ್ಥೆಯವರಿಗೆ ಮಾತ್ರ ಸೀಮಿತ. ಹೊರಗಿನ ಬಳಕೆ ಕಂಡರೆ ಪ್ರಕಾಶಕರು ಆಸ್ಪತ್ರೆಗೂ ಕೋಶದ ಬಾಗಿಲನ್ನೇ ಮುಚ್ಚಬಹುದು. ಮೂವರೂ ಸೇರಿ ಒಟ್ಟಾಗಿ ಚಂದಾ ಕೇಳುವ ದಾರಿಯಿದೆ, ಆದರೆ ಮೊದಲು ಉಚಿತವಾಗಿ ಸಿಗುವುದನ್ನು ನೋಡಿ.

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1998ರಲ್ಲಿ ಆರಂಭಿಸಿದ ಮೆಡ್‌ಲೈನ್‌ಪ್ಲಸ್ ಎಂಬ ಆರೋಗ್ಯ ಮಾಹಿತಿಯ ಜಾಲತಾಣ ಸಾಮಾನ್ಯ ಓದುಗರಿಗೆಂದೇ ಇದೆ. ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಪಬ್‌ಮೆಡ್ ತಾಣ ಕೂಡ ಉಚಿತವೇ; ಆದರೆ ಅಲ್ಲಿರುವುದು ಹೆಚ್ಚಾಗಿ ಪ್ರಬಂಧಗಳ ಸಾರಾಂಶ, ಅದೂ ಸಂಶೋಧಕರ ಭಾಷೆಯಲ್ಲಿ. ಎಂಟನೇ ತರಗತಿಯ ಹುಡುಗಿಯ ಮುಂದಿಟ್ಟರೆ ಹೆದರಿಕೆಯಷ್ಟೇ ಉಳಿಯುತ್ತದೆ.

ಒಂದು ಸೂಕ್ಷ್ಮವಿದೆ. ಮೆಡ್‌ಲೈನ್‌ಪ್ಲಸ್‌ನ ಆರೋಗ್ಯ ವಿಷಯಗಳ ಸಾರಾಂಶವನ್ನು ಮೂಲ ಹೇಳಿ ಮರುಬಳಸಬಹುದು. ಔಷಧಗಳ ಪುಟಗಳಿಗೂ ವೈದ್ಯಕೀಯ ವಿಶ್ವಕೋಶಕ್ಕೂ ಬೇರೆಯವರ ಹಕ್ಕುಸ್ವಾಮ್ಯವಿದೆ. ಆದ್ದರಿಂದ ನಕಲು ಮಾಡಬೇಡಿ, ಕೊಂಡಿ (ಲಿಂಕ್) ಕೊಡಿ. ನಕಲಿಗೆ ಇನ್ನೊಂದು ರೋಗವೂ ಉಂಟು: ಮೂಲದಲ್ಲಿ ಔಷಧದ ಪ್ರಮಾಣ ತಿದ್ದಿದರೂ ನಿಮ್ಮ ಕಡತದಲ್ಲಿ ಹಳೆಯದೇ ಕುಳಿತಿರುತ್ತದೆ.

ಕೊಂಡಿಗಳ ಪಟ್ಟಿಯನ್ನು ಆಸ್ಪತ್ರೆಯವರು ಪರಿಶೀಲಿಸಲಿ. ಭಾಷೆ ಮಕ್ಕಳಿಗೆ ಎಟುಕುತ್ತದೆಯೇ ಎಂಬುದನ್ನು ನೀವು ನೋಡಿ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರು ಎದ್ದ ಮೇಲೆ ಹುಡುಕಾಟದ ಇತಿಹಾಸ ಅಳಿಸಿಹೋಗುವಂತೆ ಮಾಡಿಸಿ. ‘ಕ’ ಒತ್ತಿದೊಡನೆ, ನನಗಿಂತ ಮೊದಲು ಅಲ್ಲಿ ಕುಳಿತಿದ್ದವರು ಹುಡುಕಿದ ‘ಕ್ಷಯ’ ಪರದೆಯ ಮೇಲೆ ಮೂಡಿದ್ದನ್ನು ನಾನೇ ಕಂಡಿದ್ದೇನೆ. ಅವರಿನ್ನೂ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.