ಎರಡೇ ವರ್ಷಕ್ಕೆ ಆಟಗಾರರೆಲ್ಲ ಹೊರಟುಹೋಗುವ ತಂಡ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಸಂಬಂಧಿಕರ ಹುಡುಗ ಅಮೆರಿಕದ ಕ್ಯಾನ್ಸಸ್ ರಾಜ್ಯದ ಹಚಿನ್ಸನ್ ಎಂಬ ಊರಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿನ ಕಮ್ಯುನಿಟಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂದರೆ ಊರಿಗೆ ಊರೇ ಬರುತ್ತದಂತೆ. ಅದು ಎರಡು ವರ್ಷದ ಕಾಲೇಜು, ನಮ್ಮ ಪಿಯುಸಿ ಥರ. ಪ್ರತಿ ಎರಡು ವರ್ಷಕ್ಕೆ ಆಟಗಾರರೆಲ್ಲ ಖಾಲಿಯಾಗುವ ತಂಡಕ್ಕೆ ಇತಿಹಾಸ ಅಂತ ಏನಿರುತ್ತದೆ? ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗದವರು ಹೋಗುವ ಜಾಗ ತಾನೇ ಅದು?"

ಸಂಪಾದಕರ ಉತ್ತರ:

ಮೊದಲು ಪಿಯುಸಿ ವಿಷಯ. ನಮ್ಮಲ್ಲಿ ಪಿಯುಸಿ ಮುಗಿದ ಮೇಲೆ ಡಿಗ್ರಿ ಶುರು. ಅಲ್ಲಿ ಕಮ್ಯುನಿಟಿ ಕಾಲೇಜಿನ ಎರಡು ವರ್ಷವೇ ಡಿಗ್ರಿಯ ಮೊದಲ ಅರ್ಧ. ಫೀಸು ಕಡಿಮೆ, ಮನೆಗೆ ಹತ್ತಿರ. ಅದನ್ನು ಮುಗಿಸಿ ಮೂರನೇ ವರ್ಷಕ್ಕೆ ನೇರವಾಗಿ ವಿಶ್ವವಿದ್ಯಾಲಯಕ್ಕೆ ಸೇರಬಹುದು. ಇಂಥ ಮೊದಲ ಸರ್ಕಾರಿ ಕಾಲೇಜು ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾಯಿತು. ಹಚಿನ್ಸನ್ ಕಾಲೇಜು 1928ರದ್ದು. ಬಹಳ ಕಾಲ ಇವನ್ನೆಲ್ಲ ಜೂನಿಯರ್ ಕಾಲೇಜು ಎಂದೇ ಕರೆಯುತ್ತಿದ್ದರು. ಆಟದ ಜನ ಈಗಲೂ ಚಿಕ್ಕದಾಗಿ "ಜೂಕೋ" ಅನ್ನುತ್ತಾರೆ.

ಆಟದಲ್ಲೂ ಇವರನ್ನು ಹೊರಗಿಟ್ಟಿದ್ದರು. 1937ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಜೂನಿಯರ್ ಕಾಲೇಜುಗಳು ನಮ್ಮ ಓಟಗಾರರನ್ನೂ ರಾಷ್ಟ್ರೀಯ ಅಥ್ಲೆಟಿಕ್ಸ್ ಕೂಟಕ್ಕೆ ಸೇರಿಸಿಕೊಳ್ಳಿ ಎಂದು ಎನ್‌ಸಿಎಎಯನ್ನು ಕೇಳಿದವು. ಅಲ್ಲಿನ ವಿಶ್ವವಿದ್ಯಾಲಯಗಳ ಕ್ರೀಡೆಯನ್ನು ನಡೆಸುವ ಸಂಸ್ಥೆ ಅದು. ಆಗುವುದಿಲ್ಲ ಎಂಬ ಉತ್ತರ ಬಂತು. ಮರುವರ್ಷ ಫ್ರೆಸ್ನೊದಲ್ಲಿ ಕೂತು ಆ ಕಾಲೇಜುಗಳು ತಮ್ಮದೇ ಸಂಸ್ಥೆ ಕಟ್ಟಿಕೊಂಡವು. ಅದೇ ಎನ್‌ಜೆಸಿಎಎ. ಹತ್ತು ವರ್ಷದ ನಂತರ, 1948ರಲ್ಲಿ, ಅದರ ಮೊದಲ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಟೂರ್ನಿ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಡೆಯಿತು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ ಸ್ಪ್ರಿಂಗ್‌ಫೀಲ್ಡ್ ಬೇರೆ, ಅದು ಮ್ಯಾಸಚೂಸೆಟ್ಸ್‌ನಲ್ಲಿದೆ. ಕ್ಯಾಲಿಫೋರ್ನಿಯಾದ ಮರಿನ್ ಕಾಲೇಜು ಆ ವರ್ಷ ಗೆದ್ದಿತು.

1949ರಲ್ಲಿ ಟೂರ್ನಿ ಹಚಿನ್ಸನ್‌ಗೆ ಬಂತು. ಬಂದದ್ದು ವಾಪಸ್ ಹೋಗಲೇ ಇಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅನ್ನಿಸುತ್ತದೆ ನನಗೆ. ಹಚಿನ್ಸನ್ ತಂಡದ ಇತಿಹಾಸವನ್ನು ಆಟಗಾರರ ಹೆಸರಿನಲ್ಲಿ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ಆ ಊರಿನದ್ದು.

ಸುಮಾರು 40 ಸಾವಿರ ಜನರ ಊರು ಅದು. ಸುತ್ತ ಗೋಧಿ ಹೊಲ, ಕಾಲ ಕೆಳಗೆ ಉಪ್ಪು. 1880ರ ದಶಕದಲ್ಲಿ ಎಣ್ಣೆ ಸಿಗುತ್ತದೇನೋ ಎಂದು ಕೊರೆದವರಿಗೆ ಉಪ್ಪಿನ ಪದರ ಸಿಕ್ಕಿತು. ಇವತ್ತಿಗೂ 650 ಅಡಿ ಆಳದಲ್ಲಿ ಗಣಿ ಇದೆ. ಅದರ ಖಾಲಿಯಾದ ಭಾಗಗಳಲ್ಲಿ ಹಾಲಿವುಡ್ ಚಿತ್ರಗಳ ಮೂಲ ರೀಲುಗಳನ್ನು ಜೋಪಾನವಾಗಿ ಇಟ್ಟಿದ್ದಾರೆ, ಯಾಕೆಂದರೆ ಅಲ್ಲಿ ತೇವವಿಲ್ಲ, ಉಷ್ಣತೆ ಏರಿಳಿಯುವುದಿಲ್ಲ. ಇಂಥ ಊರಿನಲ್ಲಿ ಟೂರ್ನಿಯ ಹೊಣೆ ಹೊತ್ತವರು ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸ್ಥಳೀಯ ಶಾಖೆಯವರು. ಎರಡನೇ ಮಹಾಯುದ್ಧ ಮುಗಿದು ನಾಲ್ಕೇ ವರ್ಷ ಆಗಿತ್ತು. ಯುದ್ಧದಿಂದ ಮನೆಗೆ ಬಂದವರು ತಮ್ಮ ಊರಿಗೆ ಏನಾದರೂ ಮಾಡಬೇಕೆಂದು ಈ ಕೆಲಸ ಹಿಡಿದರು. ಅವರ ನಂತರದವರೂ ಬಿಡಲಿಲ್ಲ.

ಕ್ಯಾನ್ಸಸ್‌ಗೆ ಈ ಆಟದ ಹುಚ್ಚು ಮೊದಲೇ ಇತ್ತು. ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದ ಜೇಮ್ಸ್ ನೈಸ್ಮಿತ್ 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಬಂದವರು. 1939ರಲ್ಲಿ ತೀರಿಕೊಂಡದ್ದೂ ಅದೇ ರಾಜ್ಯದ ಲಾರೆನ್ಸ್‌ನಲ್ಲಿ. ಚಳಿಗಾಲದಲ್ಲಿ ಹೊಲದ ಕೆಲಸ ಕಡಿಮೆ, ಹೊರಗೆ ಹಿಮ. ಒಳಾಂಗಣದ ಆಟ ಬಿಟ್ಟರೆ ಸಂಜೆಗೆ ಬೇರೇನು ಮಾಡುತ್ತಾರೆ?

1952ರಲ್ಲಿ ಸ್ಪೋರ್ಟ್ಸ್ ಅರೀನಾ ತೆರೆಯಿತು. ಸಾವಿರಾರು ಜನ ಕೂರುವ ಒಳಾಂಗಣ. ಸ್ವಲ್ಪ ಯೋಚಿಸಿ, ಕೆಲವೇ ನೂರು ಜನ ಬಂದರೂ ದೊಡ್ಡದು ಅನ್ನುವಂಥ ಜೂಕೋ ಪಂದ್ಯಗಳಿಗೆ ಇಷ್ಟು ದೊಡ್ಡ ಕಟ್ಟಡ! ಹಚಿನ್ಸನ್ ಕಾಲೇಜಿನ ತಂಡ "ಬ್ಲೂ ಡ್ರ್ಯಾಗನ್ಸ್"ಗೂ ಅದೇ ತವರು ಅಂಕಣವಾಯಿತು. ಬೇರೆ ಊರಿನ ಹದಿನೆಂಟರ ಹುಡುಗ ಕಾಲೇಜು ಆಯ್ಕೆ ಮಾಡಲು ಬಂದು ಆ ಒಳಾಂಗಣದಲ್ಲಿ ನಿಂತಾಗ ಕೋಚ್ ಜಾಸ್ತಿ ಮಾತಾಡಬೇಕಾಗಿರಲಿಲ್ಲ. ಎರಡು ವರ್ಷಕ್ಕೆ ಹುಡುಗರು ಹೋಗುತ್ತಾರೆ, ನಿಜ. ಕಟ್ಟಡ ಹೋಗುವುದಿಲ್ಲ. ಅದೇ ಸೀಟಿನಲ್ಲಿ ಅಪ್ಪ ಕೂತಿದ್ದ, ಈಗ ಮಗಳು ಕೂರುತ್ತಾಳೆ.

ಮಾರ್ಚ್ ಬಂತೆಂದರೆ ತೇರಿನ ವಾರ ಬಂದ ಹಾಗೆ. ದೇಶದ ಮೂಲೆ ಮೂಲೆಯಿಂದ ತಂಡಗಳು ಬರುತ್ತವೆ. ಮೊದಲು 16 ಇದ್ದವು, ಈಗ 24. ಬೆಳಗ್ಗೆಯಿಂದ ರಾತ್ರಿವರೆಗೆ ಒಂದರ ಹಿಂದೆ ಒಂದು ಪಂದ್ಯ. ತಮ್ಮ ಕಾಲೇಜು ಆಡದ ದಿನವೂ ಊರಿನವರು ಬಂದು ಕೂರುತ್ತಾರೆ. ಯಾರದೋ ಊರಿನ, ಹೆಸರೇ ಕೇಳದ ಹುಡುಗನಿಗೆ ಚಪ್ಪಾಳೆ ಹೊಡೆಯುತ್ತಾರೆ. ಕುಳ್ಳ ಆಟಗಾರರಲ್ಲಿ ಅತ್ಯುತ್ತಮನಿಗೆ ಬಡ್ ಓಬಿ ಹೆಸರಿನಲ್ಲಿ ಬೇರೆಯೇ ಪ್ರಶಸ್ತಿ ಇಟ್ಟಿದ್ದಾರೆ. ಈ ಒಂದು ವಿಷಯಕ್ಕೇ ನನಗೆ ಆ ಟೂರ್ನಿ ಮೇಲೆ ಪ್ರೀತಿ. ಎತ್ತರದವರದ್ದೇ ದರ್ಬಾರು ನಡೆಯುವ ಆಟದಲ್ಲಿ ಕುಳ್ಳರನ್ನು ಹುಡುಕಿ ನೋಡುವ ಮನಸ್ಸು ಎಲ್ಲರಿಗೂ ಇರುವುದಿಲ್ಲ, ಅಲ್ವಾ?

1982ರ ಫೈನಲ್ ಬಗ್ಗೆ ಹೇಳಲೇಬೇಕು. ಒಂದು ಕಡೆ ಆ ವರ್ಷ ಅಲ್ಲಿವರೆಗೆ ಒಂದೂ ಪಂದ್ಯ ಸೋಲದ ಮಯಾಮಿ ಡೇಡ್ ನಾರ್ತ್. ಇನ್ನೊಂದು ಕಡೆ ಟೆಕ್ಸಸ್‌ನ ಮಿಡ್‌ಲ್ಯಾಂಡ್ ಕಾಲೇಜು. ಮಿಡ್‌ಲ್ಯಾಂಡ್‌ನ ಗಾರ್ಡ್ ಸ್ಪಡ್ ವೆಬ್‌ನ ಎತ್ತರ ಐದೂವರೆ ಅಡಿಯ ಆಸುಪಾಸು. ನಮ್ಮ ಯಾವುದೇ ಬೀದಿಯಲ್ಲಿ ನಡೆದರೂ ಯಾರೂ ತಿರುಗಿ ನೋಡದಷ್ಟು ಸಾಮಾನ್ಯ ಎತ್ತರ. ದೊಡ್ಡ ವಿಶ್ವವಿದ್ಯಾಲಯಗಳು ಅವನನ್ನು ಬೇಡ ಅಂದಿದ್ದಕ್ಕೆ ಅದೇ ಕಾರಣ. ಪಂದ್ಯ ಸಮವಾಯಿತು. ಹೆಚ್ಚುವರಿ ಅವಧಿಯೂ ಸಮ. ಎರಡನೇ ಹೆಚ್ಚುವರಿ ಅವಧಿಯಲ್ಲಿ ಮಿಡ್‌ಲ್ಯಾಂಡ್ 93-88ರಿಂದ ಗೆದ್ದಿತು. ವೆಬ್ ಒಬ್ಬನೇ 36 ಅಂಕ ಗಳಿಸಿದ್ದ. ಅಂಕಣದಲ್ಲಿ 15 ಸಲ ಬುಟ್ಟಿಗೆ ಎಸೆದು 10 ಸಲ ಹಾಕಿದ. ಎದುರಾಳಿ ಮೈಮೇಲೆ ಬಿದ್ದು ತಪ್ಪು ಮಾಡಿದಾಗ, ಯಾರೂ ಅಡ್ಡ ಬರದಂತೆ ಬುಟ್ಟಿಗೆ ಎಸೆಯಲು ಸಿಗುವ ಅವಕಾಶವೇ ಫ್ರೀ ಥ್ರೋ. ಅಂಥ 18ರಲ್ಲಿ 16 ಒಳಗೆ ಬಿದ್ದವು. 18 ಫ್ರೀ ಥ್ರೋ ಸಿಕ್ಕಿದ್ದವು ಅಂದರೆ ಏನರ್ಥ? ಆ ಕುಳ್ಳ ಹುಡುಗ ಮತ್ತೆ ಮತ್ತೆ ದೈತ್ಯರ ನಡುವೆ ನುಗ್ಗಿ ಏಟು ತಿಂದಿದ್ದ. ನಾಲ್ಕು ವರ್ಷದ ನಂತರ, 1986ರಲ್ಲಿ, ಇದೇ ವೆಬ್ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡಂಕ್ ಸ್ಪರ್ಧೆಯಲ್ಲಿ, ಅಂದರೆ ನೆಗೆದು ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವ ಸ್ಪರ್ಧೆಯಲ್ಲಿ, ತನ್ನದೇ ತಂಡದ ಡೊಮಿನಿಕ್ ವಿಲ್ಕಿನ್ಸ್‌ನನ್ನು ಸೋಲಿಸಿ ಗೆದ್ದ. ಜಗತ್ತು ಆಗ ಬೆರಗಾಯಿತು. ಹಚಿನ್ಸನ್ ಜನಕ್ಕೆ ಅವನು ಮೊದಲೇ ಗೊತ್ತಿದ್ದ.

ಇಷ್ಟೆಲ್ಲ ಆದರೂ ಆತಿಥೇಯ ಕಾಲೇಜಿಗೆ ಮಾತ್ರ ಕಪ್ ಸಿಕ್ಕಿರಲಿಲ್ಲ. ಪ್ರತಿ ಮಾರ್ಚ್‌ನಲ್ಲೂ ತಮ್ಮ ಮನೆಯಂಗಳದಲ್ಲಿ ಬೇರೆಯವರು ಕಪ್ ಎತ್ತುವುದನ್ನು ನೋಡುವುದು. ಎಷ್ಟೋ ವರ್ಷ ಟೂರ್ನಿಗೆ ಅರ್ಹತೆಯೂ ಸಿಗುತ್ತಿರಲಿಲ್ಲ. ಆತಿಥೇಯರು ಅಂತ ಸುಮ್ನೆ ಸೇರಿಸಿಕೊಳ್ಳುವ ಪದ್ಧತಿ ಅಲ್ಲಿಲ್ಲ. ಟೂರ್ನಿ ಊರಿಗೆ ಬಂದು 39 ವರ್ಷದ ನಂತರ, 1988ರಲ್ಲಿ, ಕೋಚ್ ಡೇವ್ ಫೆರಾರ್ ಅವರ ಬ್ಲೂ ಡ್ರ್ಯಾಗನ್ಸ್ ಕೊನೆಗೂ ಗೆದ್ದರು. 1949ರಲ್ಲಿ ಮೊದಲ ಟೂರ್ನಿ ನೋಡಿದ ಹುಡುಗ ಅಷ್ಟರಲ್ಲಿ ಮೊಮ್ಮಕ್ಕಳನ್ನು ಕಾಣುವ ವಯಸ್ಸಿಗೆ ಬಂದಿದ್ದ.

ಎರಡನೇ ಕಪ್ 1994ರಲ್ಲಿ, ಸ್ಟೀವ್ ಮೆಕ್ಲೇನ್ ಕೋಚ್ ಆಗಿದ್ದಾಗ. ಅವರು ಮುಂದೆ ವಯೋಮಿಂಗ್ ವಿಶ್ವವಿದ್ಯಾಲಯದ ಕೋಚ್ ಆದರು. ಅದೇ ವಸಂತದಲ್ಲಿ ಇನ್ನೊಂದು ಗೆಲುವೂ ಹಚಿನ್ಸನ್‌ನವರಿಗೆ ಖುಷಿ ಕೊಟ್ಟಿರಬೇಕು. ನೋಲನ್ ರಿಚರ್ಡ್‌ಸನ್ ಅವರ ಅರ್ಕನ್ಸಾ ತಂಡ ವಿಶ್ವವಿದ್ಯಾಲಯಗಳ ದೊಡ್ಡ ಕಪ್ ಗೆದ್ದಿತು. ರಿಚರ್ಡ್‌ಸನ್ 1980ರಲ್ಲಿ ವೆಸ್ಟರ್ನ್ ಟೆಕ್ಸಸ್ ಕಾಲೇಜನ್ನು ಕರೆತಂದು, 37 ಪಂದ್ಯಗಳಲ್ಲಿ ಒಂದನ್ನೂ ಸೋಲದೆ, ಹಚಿನ್ಸನ್‌ನಲ್ಲೇ ಕಪ್ ಎತ್ತಿದ್ದವರು. ಅಲ್ಲಿಂದ ಟಲ್ಸ ವಿಶ್ವವಿದ್ಯಾಲಯಕ್ಕೆ ಹೋಗುವಾಗ ತಮ್ಮ ಜೂಕೋ ಹುಡುಗರನ್ನೂ ಜೊತೆಗೆ ಕರೆದುಕೊಂಡು ಹೋದರು. ಮರುವರ್ಷವೇ ವಿಶ್ವವಿದ್ಯಾಲಯ ತಂಡಗಳ ಇನ್ನೊಂದು ಟೂರ್ನಿಯಾದ ಎನ್‌ಐಟಿ ಗೆದ್ದರು. ದೊಡ್ಡ ಅಂಕಣದಲ್ಲೂ ಆ ಹುಡುಗರು ಯಾರಿಗೂ ಕಡಿಮೆ ಇರಲಿಲ್ಲ.

ಮೂರನೇ ಕಪ್‌ಗೆ 2017ರವರೆಗೆ ಕಾಯಬೇಕಾಯಿತು. ಸ್ಟೀವ್ ಎಕ್ ಕೋಚ್. ಶಕೂರ್ ಜೂಸ್ಟನ್ ಆ ವರ್ಷ ದೇಶದ ಶ್ರೇಷ್ಠ ಜೂಕೋ ಆಟಗಾರ. ಫೈನಲ್‌ನಲ್ಲಿ ಈಸ್ಟರ್ನ್ ಫ್ಲೋರಿಡಾ ಸ್ಟೇಟ್ ಸೋತಿತು. ಅದಕ್ಕೂ ಮೂರು ವರ್ಷ ಹಿಂದೆ ಅದೇ ಗೌರವ ಪಡೆದಿದ್ದ ಹಚಿನ್ಸನ್‌ನ ಕದೀಮ್ ಅಲೆನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಹೋಗಿ, 2017ರಲ್ಲಿ ಎನ್‌ಬಿಎಯ ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ ಆಯ್ಕೆಯಾದ.

"ಸೀಟು ಸಿಗದವರು ಹೋಗುವ ಜಾಗ ತಾನೇ?" ಎಂದು ಕೇಳಿದ್ದೀರಿ. ಹೌದು, ಬಹಳ ಜನ ಹಾಗೇ ಬಂದವರು. ಆದರೆ ಸೀಟು ಯಾಕೆ ಸಿಗಲಿಲ್ಲ ಅನ್ನುವುದನ್ನೂ ಕೇಳಬೇಕು. 1960ರ ದಶಕದಲ್ಲೂ ಅಮೆರಿಕದ ದಕ್ಷಿಣದ ಎಷ್ಟೋ ದೊಡ್ಡ ವಿಶ್ವವಿದ್ಯಾಲಯಗಳು ಕಪ್ಪು ಜನಾಂಗದ ಆಟಗಾರರನ್ನು ತಂಡಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಅವರಲ್ಲಿ ಎಷ್ಟೋ ಹುಡುಗರಿಗೆ ಜೂನಿಯರ್ ಕಾಲೇಜೇ ತೆರೆದ ಬಾಗಿಲು. ಕೆಲವರಿಗೆ ಪ್ರವೇಶ ಪರೀಕ್ಷೆಯ ಅಂಕ ಸಾಲಲಿಲ್ಲ. ನಾರ್ತ್ ಕ್ಯಾರೊಲಿನಾದ ಹುಡುಗ ಬಾಬ್ ಮ್ಯಾಕಡೂ ಇಂಡಿಯಾನಾದ ವಿನ್ಸೆನ್ಸ್‌ಗೆ ಹೋಗಿ 1970ರ ಜೂಕೋ ಕಪ್ ಗೆದ್ದ. 1975ರಲ್ಲಿ ಎನ್‌ಬಿಎಯ ಅತ್ಯಂತ ಮೌಲ್ಯಯುತ ಆಟಗಾರನಾದ. 1986ರಿಂದ ಎನ್‌ಸಿಎಎ ಓದಿನ ಅಂಕದ ನಿಯಮ ಬಿಗಿ ಮಾಡಿತು, ಜೂಕೋ ದಾರಿ ಹಿಡಿದವರು ಇನ್ನೂ ಹೆಚ್ಚಿದರು. ಆ ಕಾಲದ ಲ್ಯಾರಿ ಜಾನ್ಸನ್ ಟೆಕ್ಸಸ್‌ನ ಒಡೆಸ್ಸಾ ಕಾಲೇಜಿನಲ್ಲಿ ಆಡಿದ ಎರಡೂ ವರ್ಷ ಜೂಕೋ ಶ್ರೇಷ್ಠ ಆಟಗಾರನಾದ. 1990ರಲ್ಲಿ ನೆವಾಡಾ ಲಾಸ್ ವೇಗಸ್ ಜೊತೆ ರಾಷ್ಟ್ರೀಯ ಕಪ್ ಗೆದ್ದ. 1991ರಲ್ಲಿ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದ. ಇವರನ್ನೆಲ್ಲ ಎರಡನೇ ದರ್ಜೆ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಎಲ್ಲವೂ ಚೆಂದ ಅಂತಲೂ ಅಲ್ಲ. ಮೇಲಕ್ಕೆ ಹೋದವರ ಹೆಸರು ನಮಗೆ ಗೊತ್ತು. ಎರಡು ವರ್ಷ ಆಡಿ, ಡಿಗ್ರಿಯೂ ಆಗದೆ, ಆಟವೂ ಮುಂದುವರಿಯದೆ ಮನೆಗೆ ಹೋದವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಎನ್‌ಜೆಸಿಎಎಯ ಮೊದಲ ವಿಭಾಗದ ಕಾಲೇಜು ಆಟಗಾರನಿಗೆ ಫೀಸು, ಪುಸ್ತಕ, ಊಟ, ವಸತಿ ಎಲ್ಲ ಕೊಡಬಹುದು. ಮೂರನೇ ವಿಭಾಗದಲ್ಲಿ ಆಟಕ್ಕಾಗಿ ಏನೂ ಕೊಡುವಂತಿಲ್ಲ. ಅಲ್ಲಿ ಆಡುವವರು ಬರೀ ಆಸೆಗೆ ಆಡುತ್ತಾರೆ. ನನ್ನ ಪ್ರಕಾರ ಒಂದು ಕಾರ್ಯಕ್ರಮ ಒಳ್ಳೆಯದೋ ಅಲ್ಲವೋ ಎಂದು ನೋಡಲು ಕಪ್ ಎಣಿಸಿದರೆ ಸಾಲದು, ಎಷ್ಟು ಹುಡುಗರು ಮೂರನೇ ವರ್ಷದ ತರಗತಿಯಲ್ಲಿ ಹೋಗಿ ಕೂತರು ಅನ್ನುವುದನ್ನೂ ಎಣಿಸಬೇಕು.

ತಂಡ ಉಳಿಯಲು ಊರೇ ಬೇಕೆಂದಿಲ್ಲ, ಒಬ್ಬ ಮನುಷ್ಯನಿಂದಲೂ ಉಳಿಯಬಹುದು. ಮಿಸೌರಿಯ ಪೋಪ್ಲರ್ ಬ್ಲಫ್ ಎಂಬ ಚಿಕ್ಕ ಊರಿನಲ್ಲಿ ಥ್ರೀ ರಿವರ್ಸ್ ಕಾಲೇಜಿದೆ. ಜೀನ್ ಬೆಸ್ 1970ರಲ್ಲಿ ಅಲ್ಲಿಗೆ ಬಂದರು, ನಿವೃತ್ತರಾದದ್ದು 2020ರಲ್ಲಿ. 1,300 ಗೆಲುವು. 1979 ಮತ್ತು 1992ರಲ್ಲಿ ಹಚಿನ್ಸನ್‌ಗೆ ಬಂದು ಕಪ್ ಒಯ್ದರು. ಮುಂದೆ ಎನ್‌ಬಿಎಯಲ್ಲಿ ಹೆಸರು ಮಾಡಿದ ಲಟ್ರೆಲ್ ಸ್ಪ್ರೂವೆಲ್ ಅವರ ಕೈಯಲ್ಲಿ ಪಳಗಿದವನು. ಐವತ್ತು ವರ್ಷ ಒಂದೇ ಬೆಂಚಿನ ಪಕ್ಕ ನಿಂತು, ಎರಡೆರಡು ವರ್ಷಕ್ಕೆ ಹೊಸ ಹುಡುಗರಿಗೆ ಮೊದಲಿನಿಂದ ಕಲಿಸುವುದು ಸಣ್ಣ ಕೆಲಸವೇ?

ಈಗ ಹಚಿನ್ಸನ್ ಹೇಗಿದೆ? 2010ರ ದಶಕದ ಮಧ್ಯದಲ್ಲಿ ಅರೀನಾವನ್ನು ದೊಡ್ಡ ಖರ್ಚಿನಲ್ಲಿ ನವೀಕರಿಸಿದರು. ಟೂರ್ನಿ ಕೈತಪ್ಪಬಾರದಲ್ಲ. ಕೋವಿಡ್ ಬಂದ 2020ರಲ್ಲಿ ಟೂರ್ನಿ ರದ್ದಾಯಿತು. ಮರುವರ್ಷ ಮಾರ್ಚ್ ಬದಲು ಏಪ್ರಿಲ್‌ನಲ್ಲಿ ಆಡಿಸಿದರು.

ಈಗಿನ ಕಷ್ಟ ಬೇರೆ ಥರದ್ದು. 2021ರಿಂದ ವಿಶ್ವವಿದ್ಯಾಲಯದ ಆಟಗಾರರು ಒಂದು ವರ್ಷ ಕಾಯದೆಯೇ ಇನ್ನೊಂದಕ್ಕೆ ವರ್ಗವಾಗಬಹುದು. ದೊಡ್ಡ ಕೋಚ್‌ಗಳಿಗೆ ಪಳಗಿದ ಆಟಗಾರ ಅಲ್ಲೇ ಸಿಗುವಾಗ ಜೂಕೋ ಕಡೆ ತಿರುಗಿ ನೋಡುವುದು ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಹೈಸ್ಕೂಲು ಮುಗಿಸಿದ ಒಳ್ಳೊಳ್ಳೆ ಹುಡುಗರಿಗೂ ದೊಡ್ಡ ಕಡೆ ಜಾಗ ಸಿಗದೆ ಹಚಿನ್ಸನ್‌ನಂಥ ಕಾಲೇಜಿಗೆ ಬರುತ್ತಾರೆ. ಇನ್ನೊಂದು, 2024ರ ಡಿಸೆಂಬರ್‌ನಲ್ಲಿ ಟೆನೆಸ್ಸಿಯ ಫೆಡರಲ್ ನ್ಯಾಯಾಧೀಶರೊಬ್ಬರು ಡಿಯೆಗೊ ಪಾವಿಯಾ ಎಂಬ ಫುಟ್‌ಬಾಲ್ ಆಟಗಾರನ ಪರ ಆದೇಶ ಕೊಟ್ಟರು. ವಿಶ್ವವಿದ್ಯಾಲಯದಲ್ಲಿ ಇಷ್ಟೇ ವರ್ಷ ಆಡಬಹುದು ಎಂಬ ಮಿತಿ ಇದೆಯಲ್ಲ, ಜೂನಿಯರ್ ಕಾಲೇಜಿನಲ್ಲಿ ಆಡಿದ ವರ್ಷವನ್ನು ಆ ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಅವನ ವಾದ. ಅದಾದ ಮೇಲೆ 2025-26ರ ಸಾಲಿಗೆ ಅಂಥದೇ ಸ್ಥಿತಿಯಲ್ಲಿದ್ದ ಇತರರಿಗೂ ಎನ್‌ಸಿಎಎ ವಿನಾಯಿತಿ ಕೊಟ್ಟಿತು. 1937ರಲ್ಲಿ ನಿಮ್ಮವರು ನಮ್ಮವರಲ್ಲ ಅಂದ ಅದೇ ಸಂಸ್ಥೆ, ಈಚೆಗೆ ಈ ಹುಡುಗರ ವರ್ಷಗಳನ್ನು ಮಾತ್ರ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿತ್ತು. ಅದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಈ ವಿನಾಯಿತಿ ಕಾಯಂ ಆದರೆ ಆಟಗಾರನಿಗೆ ಒಂದೇ ವರ್ಷಕ್ಕೆ ಓಡುವ ಆತುರ ಇರುವುದಿಲ್ಲ. ಎರಡೂ ವರ್ಷ ಹಚಿನ್ಸನ್‌ನಲ್ಲೇ ಆಡಬಹುದು, ಓದನ್ನೂ ಮುಗಿಸಬಹುದು.