ಓದುಗರ ಪ್ರಶ್ನೆ: ಬ್ರಿಟನ್ನಿನ ಸಂಪ್ರದಾಯವಾದಿಗಳು ಏನನ್ನು ಉಳಿಸಿಕೊಳ್ಳಲು ಹೊರಟಿದ್ದಾರೆ?

ಪ್ರಶ್ನೆ: ಕನ್ನಡಿಗರ ಅಳಿಯ ರಿಷಿ ಸುನಕ್ ಅವರನ್ನು ಪ್ರಧಾನಿ ಪಟ್ಟದಲ್ಲಿ ಕೂರಿಸಿದ ಕನ್ಸರ್ವೇಟಿವ್ ಪಕ್ಷದವರೇ ವಲಸೆಯ ವಿರುದ್ಧ ಅಷ್ಟು ಕಟುವಾಗಿ ಮಾತನಾಡುತ್ತಾರೆ. ಇದು ಇಬ್ಬಗೆಯ ನೀತಿಯಲ್ಲವೇ? ಆ ಪಕ್ಷ ಅಷ್ಟು ಹೀನಾಯವಾಗಿ ಸೋತದ್ದಾದರೂ ಏಕೆ?
– ದಾವಣಗೆರೆಯ ಓದುಗರು

ಉತ್ತರ: 2023ರ ಮೇ 6ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮೂರನೆಯ ಚಾರ್ಲ್ಸ್ ಅವರ ಪಟ್ಟಾಭಿಷೇಕ ನಡೆಯಿತು. ಭಗವದ್ಗೀತೆಯನ್ನು ಹಿಡಿದು ಸಂಸದರಾಗಿ ಪ್ರಮಾಣ ಮಾಡಿದ್ದ, ಡೌನಿಂಗ್ ಸ್ಟ್ರೀಟಿನ ಬಾಗಿಲಲ್ಲಿ ದೀಪಾವಳಿಯ ಹಣತೆ ಹಚ್ಚಿದ್ದ ಸುನಕ್ ಅಂದು ಪ್ರಧಾನಿಯಾಗಿ ಎದ್ದುನಿಂತು, ಬೈಬಲ್ಲಿನ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಿಂದ ಕೆಲವು ಸಾಲುಗಳನ್ನು ಓದಿದರು. ಸಂಪ್ರದಾಯವಾದಿಗಳು ಬಯಸುವುದು ಏನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಶ್ಯ ನನಗೆ ತೋಚುವುದಿಲ್ಲ. ಬಂದವರು ತಮ್ಮ ದೇವರನ್ನು ಬಿಡಬೇಕಾಗಿಲ್ಲ; ಆದರೆ ಬಂದ ಮನೆಯ ನಡಾವಳಿಯನ್ನು ತಮ್ಮದೆಂದು ನಡೆಸಿಕೊಡಬೇಕು ಎಂಬುದು ಅವರಲ್ಲಿ ವಿಚಾರವಂತರಾದವರ ನಿಲುವು. ಬಾಲ್ಯವನ್ನು ನೈಜೀರಿಯಾದಲ್ಲಿ ಕಳೆದ ಕೆಮಿ ಬೇಡನಾಕ್ 2024ರ ನವೆಂಬರಿನಲ್ಲಿ ಅದೇ ಪಕ್ಷದ ನಾಯಕಿಯಾದದ್ದು ನಿಮಗೆ ನೆನಪಿರಬಹುದು. ಮೈಬಣ್ಣವನ್ನೇ ನೋಡಿ ದ್ವೇಷ ಕಾರುವವರು ಆ ದೇಶದಲ್ಲಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ವಲಸೆ ಕಡಿಮೆಯಾಗಲಿ ಎನ್ನುವ ಎಲ್ಲರನ್ನೂ ಆ ಸಾಲಿಗೆ ಸೇರಿಸಿಬಿಟ್ಟರೆ, ಬಾಡಿಗೆ ಮನೆ ಸಿಗದ, ವೈದ್ಯರ ಭೇಟಿಗೆ ವಾರಗಟ್ಟಲೆ ಕಾಯುವ ಸಾಮಾನ್ಯರ ಮಾತನ್ನು ಕೇಳಿಸಿಕೊಳ್ಳದೆ ಹೋದಂತಾಗುತ್ತದೆ.

ಸೋಲಿಗೆ ಕಾರಣಗಳು ಹಲವು. ಬೋರಿಸ್ ಜಾನ್ಸನ್ ಪ್ರಧಾನಿಯಾಗಿದ್ದಾಗ ಲಾಕ್‌ಡೌನ್ ನಿಯಮ ಮುರಿದು ನಡೆದ ಔತಣಕೂಟಗಳು, ಲಿಜ್ ಟ್ರಸ್ ಅವರ 49 ದಿನಗಳ ಆಡಳಿತ, ಏರುತ್ತಲೇ ಹೋದ ಬೆಲೆಗಳು ಎಲ್ಲವೂ ಸೇರಿದವು. ಆದರೂ ಸಂಪ್ರದಾಯವಾದಿ ಮತದಾರರ ಮನಸ್ಸು ಮುರಿದದ್ದು ಕೊಟ್ಟ ಮಾತು ತಪ್ಪಿದ್ದರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿವ್ವಳ ವಲಸೆಯನ್ನು, ಅಂದರೆ ದೇಶಕ್ಕೆ ಬಂದವರ ಲೆಕ್ಕದಲ್ಲಿ ಹೋದವರನ್ನು ಕಳೆದು ಉಳಿಯುವ ಸಂಖ್ಯೆಯನ್ನು, ವರ್ಷಕ್ಕೆ 1 ಲಕ್ಷದೊಳಗೆ ತರುತ್ತೇವೆಂದು 2010ರಲ್ಲಿ ಪಕ್ಷದ ಅಂದಿನ ನಾಯಕ ಡೇವಿಡ್ ಕ್ಯಾಮರೂನ್ ಹೇಳಿದರು. ವಲಸೆಯ ಹತೋಟಿ ಕೈಯಲ್ಲಿಲ್ಲದಿರುವುದಕ್ಕೆ ಐರೋಪ್ಯ ಒಕ್ಕೂಟವೇ ಕಾರಣ ಎಂದು ನಂಬಿದ ಅನೇಕರು 2016ರ ಜನಮತಗಣನೆಯಲ್ಲಿ ಹೊರಬರುವ ಪರವಾಗಿ ಮತ ಹಾಕಿದರು. ಹೊರಬರುವ ಪರವಾಗಿ ಶೇ 51.9ರಷ್ಟು ಮತ ಬಿತ್ತು. 2020ರ ಜನವರಿ 31ರಂದು ದೇಶ ಒಕ್ಕೂಟದಿಂದ ಹೊರಬಂದಿತು. ಗಡಿಯ ಬೀಗದ ಕೈ ಸಂಪೂರ್ಣವಾಗಿ ತಮ್ಮದೇ ಆದ ಮೇಲೆ, 2023ರಲ್ಲಿ, ನಿವ್ವಳ ವಲಸೆ ವರ್ಷಕ್ಕೆ 9 ಲಕ್ಷವನ್ನು ದಾಟಿತು. ಸಣ್ಣ ದೋಣಿಗಳಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡಿನ ನಡುವಿನ ಕಡಲಾದ ಇಂಗ್ಲಿಷ್ ಕಾಲುವೆಯನ್ನು ದಾಟಿ ಬಂದವರೇ ಇದಕ್ಕೆ ಕಾರಣ ಎಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. 2022ರಲ್ಲಿ ದೋಣಿಗಳಲ್ಲಿ ಬಂದವರು 45 ಸಾವಿರಕ್ಕೆ ಸ್ವಲ್ಪ ಹೆಚ್ಚು. ಉಳಿದವರಲ್ಲಿ ಬಹುಪಾಲು ಜನ ಬಂದದ್ದು ಕನ್ಸರ್ವೇಟಿವ್ ಸರ್ಕಾರವೇ ಕೊಟ್ಟ ವೀಸಾಗಳ ಮೇಲೆ: ವೃದ್ಧರ ಆರೈಕೆಗೆ ಕೈಗಳು ಸಾಲದೆಂದು 2022ರಲ್ಲಿ ಆರೈಕೆದಾರರಿಗೆ ಬಾಗಿಲು ತೆರೆಯಲಾಯಿತು, ವಿದೇಶಿ ವಿದ್ಯಾರ್ಥಿಗಳ ಶುಲ್ಕ ವಿಶ್ವವಿದ್ಯಾಲಯಗಳಿಗೆ ಆಸರೆಯಾಗಿತ್ತು, ಉಕ್ರೇನ್ ಮತ್ತು ಹಾಂಗ್‌ಕಾಂಗ್‌ನಿಂದ ಬಂದವರಿಗೆ ಆಶ್ರಯ ಕೊಡಲಾಯಿತು. ಇವುಗಳಲ್ಲಿ ಒಂದೊಂದಕ್ಕೂ ನ್ಯಾಯವಾದ ಕಾರಣವಿತ್ತು. ಆ ಕಾರಣಗಳನ್ನು ಜನರ ಮುಂದಿಟ್ಟು ಒಪ್ಪಿಸುವುದನ್ನು ಬಿಟ್ಟು, ಒಂದು ಕೈಯಲ್ಲಿ ವೀಸಾಕ್ಕೆ ಮುದ್ರೆ ಒತ್ತುತ್ತ ಇನ್ನೊಂದು ಕೈಯಲ್ಲಿ ದೋಣಿಗಳತ್ತ ಬೊಟ್ಟು ಮಾಡಿದ್ದು ತಪ್ಪು. ನಮ್ಮ ಕಡೆಯಿಂದ ಹೋದ ದಾದಿಯರು, ವಿದ್ಯಾರ್ಥಿಗಳು ಈ ಸಿಟ್ಟಿಗೆ ಗುರಿಯಾಗುವುದನ್ನು ಕಂಡಾಗ ನನಗೆ ನೋವಾಗುತ್ತದೆ, ಏಕೆಂದರೆ ಅವರು ಕರೆದದ್ದಕ್ಕೆ ಹೋದವರು.

2019ರಲ್ಲಿ 365 ಸ್ಥಾನ ಗೆದ್ದಿದ್ದ ಪಕ್ಷ 2024ರ ಜುಲೈನಲ್ಲಿ 121ಕ್ಕೆ ಕುಸಿಯಿತು. ಬಿಟ್ಟುಹೋದ ಮತಗಳಲ್ಲಿ ದೊಡ್ಡ ಪಾಲು ವಲಸೆಯನ್ನು ಕಟುವಾಗಿ ವಿರೋಧಿಸುವ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷಕ್ಕೆ ಸೇರಿತು. ಶೇ 14ರಷ್ಟು ಮತ ಪಡೆದರೂ ಅದಕ್ಕೆ ದಕ್ಕಿದ್ದು 5 ಸ್ಥಾನ, ಶೇ 34ರಷ್ಟು ಮತ ಪಡೆದ ಲೇಬರ್ ಪಕ್ಷಕ್ಕೆ 400ಕ್ಕೂ ಹೆಚ್ಚು. ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುವ ನಮ್ಮಲ್ಲಿಯ ಪದ್ಧತಿಯೇ ಅಲ್ಲಿಯದೂ ಆದ್ದರಿಂದ ಈ ಲೆಕ್ಕ ನಮಗೆ ಹೊಸದೇನಲ್ಲ.

ಪ್ರಶ್ನೆ: ಲಂಡನ್ನಿನಲ್ಲಿ ರೈತರು ಟ್ರ್ಯಾಕ್ಟರ್ ತಂದು ಪ್ರತಿಭಟಿಸಿದ್ದನ್ನು ನೋಡಿದೆ. ಒಂದು ತೆರಿಗೆಯ ವಿಚಾರ ಸಂಸ್ಕೃತಿಯ ಪ್ರಶ್ನೆಯಾದದ್ದು ಹೇಗೆ?
– ತುಮಕೂರಿನ ಕೃಷಿಕರು

ಉತ್ತರ: ಜಮೀನು ಇರುವ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಬ್ರಿಟನ್ನಿನಲ್ಲಿ ಪಿತ್ರಾರ್ಜಿತ ಆಸ್ತಿಗೆ ತೆರಿಗೆಯುಂಟು, ಆದರೆ ಬೇಸಾಯದ ಭೂಮಿಗೆ ಬಹುಕಾಲದಿಂದ ವಿನಾಯಿತಿ ಇತ್ತು. 2024ರ ಅಕ್ಟೋಬರ್ ಬಜೆಟ್‌ನಲ್ಲಿ ಲೇಬರ್ ಸರ್ಕಾರದ ಹಣಕಾಸು ಸಚಿವೆ ರೇಚಲ್ ರೀವ್ಸ್, 10 ಲಕ್ಷ ಪೌಂಡಿಗೆ ಮೇಲ್ಪಟ್ಟ ಕೃಷಿ ಆಸ್ತಿಯ ಮೇಲೆ 2026ರ ಏಪ್ರಿಲ್‌ನಿಂದ ಶೇ 20ರಷ್ಟು ತೆರಿಗೆ ಹಾಕುವುದಾಗಿ ಪ್ರಕಟಿಸಿದರು. ತೆರಿಗೆ ತಪ್ಪಿಸಲೆಂದೇ ಸಿರಿವಂತರು ಹೊಲ ಕೊಳ್ಳುತ್ತಿದ್ದಾರೆಂಬ ಸರ್ಕಾರದ ಮಾತು ಸುಳ್ಳೇನಲ್ಲ. ಆದರೆ ಕಾಗದದ ಮೇಲೆ ಭೂಮಿಗೆ ಭಾರಿ ಬೆಲೆ, ಪೆಟ್ಟಿಗೆಯಲ್ಲಿ ಕಾಸಿಲ್ಲ ಎಂಬ ಸ್ಥಿತಿಯಲ್ಲಿರುವ ಕುಟುಂಬ, ಅಪ್ಪ ಸತ್ತ ಮೇಲೆ ತೆರಿಗೆ ಕಟ್ಟಲು ಅದೇ ಹೊಲದ ಒಂದು ತುಂಡನ್ನು ಮಾರಬೇಕಾಗುತ್ತದೆ. ಆ ನವೆಂಬರ್ 19ರಂದು ಸಂಸತ್ ಭವನದ ಮುಂದಿನ ಚೌಕದಲ್ಲಿ ರೈತರ ಪುಟ್ಟ ಮಕ್ಕಳು ಆಟಿಕೆ ಟ್ರ್ಯಾಕ್ಟರ್‌ಗಳ ಮೇಲೆ ಕುಳಿತು, ಪೆಡಲ್ ತುಳಿಯುತ್ತ ಮೆರವಣಿಗೆಯಲ್ಲಿ ಸಾಗಿದರು. ಮುಂದೆ ಉಳುವವರು ಇವರೇ ಎಂದು ತೋರಿಸಲು ಅದಕ್ಕಿಂತ ಬೇರೆ ಭಾಷಣ ಬೇಕಿರಲಿಲ್ಲ.

ಹಿಂದಿನವರಿಂದ ಪಡೆದದ್ದನ್ನು ಮುಂದಿನವರಿಗೆ ಒಪ್ಪಿಸುವ ತನಕ ನಾವು ಬರಿಯ ಕಾವಲುಗಾರರು ಎಂಬ ಭಾವನೆಯೇ ಅಲ್ಲಿಯ ಸಂಪ್ರದಾಯವಾದದ ಬೇರು, ಆದ್ದರಿಂದ ಬೇಡನಾಕ್ ರೈತರ ಪಕ್ಕ ನಿಂತದ್ದು ಸಹಜವಾಗಿತ್ತು. 2025ರ ಡಿಸೆಂಬರ್‌ನಲ್ಲಿ ಸರ್ಕಾರ ಮಿತಿಯನ್ನು 25 ಲಕ್ಷ ಪೌಂಡಿಗೆ ಏರಿಸಿ ಅರ್ಧ ಹಿಂದೆ ಸರಿಯಿತು. ಒಂದು ಮಾತನ್ನು ಮಾತ್ರ ಮರೆಯಬಾರದು: ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಮಾಂಸಕ್ಕೆ ಮಾರುಕಟ್ಟೆ ತೆರೆಯುವ ಒಪ್ಪಂದ ಮಾಡಿಕೊಂಡು ಇದೇ ರೈತರ ಕೋಪಕ್ಕೆ ಗುರಿಯಾದದ್ದು ಕನ್ಸರ್ವೇಟಿವ್ ಸರ್ಕಾರ. ಹೊಲವೂ ಉಳಿಯಬೇಕು, ಮಾರುಕಟ್ಟೆಯೂ ಪೂರ್ತಿ ತೆರೆದಿರಬೇಕು ಎಂಬ ಎರಡು ಆಸೆಗಳನ್ನು ಆ ಪಕ್ಷ ಇಂದಿಗೂ ಕೂಡಿಸಲಾಗಿಲ್ಲ.

ಪ್ರಶ್ನೆ: ಸಾಮ್ರಾಜ್ಯದ ಇತಿಹಾಸವನ್ನು ಟೀಕಿಸಿದರೆ ಅಲ್ಲಿಯ ಸಂಪ್ರದಾಯವಾದಿಗಳು ಸಿಡಿಮಿಡಿಗೊಳ್ಳುವುದೇಕೆ?
– ಮೈಸೂರಿನ ನಿವೃತ್ತ ಅಧ್ಯಾಪಕರು

ಉತ್ತರ: 2020ರ ಜೂನ್‌ನಲ್ಲಿ ಬ್ರಿಸ್ಟಲ್ ನಗರದಲ್ಲಿ ಗುಲಾಮ ವ್ಯಾಪಾರಿ ಎಡ್ವರ್ಡ್ ಕೋಲ್‌ಸ್ಟನ್‌ನ ಪ್ರತಿಮೆಯನ್ನು ಗುಂಪೊಂದು ಕೆಡವಿ ಬಂದರಿನ ನೀರಿಗೆ ನೂಕಿತು. ಅದನ್ನು ತೆಗೆಯಬೇಕಿದ್ದರೆ ನಗರಸಭೆ ತೀರ್ಮಾನಿಸಿ ತೆಗೆಯಬೇಕಿತ್ತು ಎಂಬ ಅವರ ಆಕ್ಷೇಪ ನನಗೆ ಒಪ್ಪಿಗೆ. ಹಳೆಯ ಬಂಗಲೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅದೇ ವರ್ಷ ತನ್ನ ಕಟ್ಟಡಗಳಿಗೂ ವಸಾಹತು ಸಂಪತ್ತಿಗೂ ಇದ್ದ ನಂಟನ್ನು ದಾಖಲಿಸಿದಾಗ ಎದ್ದ ಕೂಗು ಮಾತ್ರ ಒಪ್ಪಿಗೆಯಲ್ಲ. ಆ ಹಣ ಎಲ್ಲಿಂದ ಬಂತೆಂದು ಬರೆದಿಡುವುದು ಪರಂಪರೆಗೆ ದ್ರೋಹ ಹೇಗಾದೀತು?

ಅವರು ತಮ್ಮ ಚಿಂತನೆಯ ಮೂಲಪುರುಷನೆಂದು ಗೌರವಿಸುವ ಎಡ್ಮಂಡ್ ಬರ್ಕ್‌ನನ್ನೇ ನೋಡಿ. ಆತ ಇಂದಿನ ಕನ್ಸರ್ವೇಟಿವ್‌ಗಳ ಪೂರ್ವಜರಾದ ಟೋರಿಗಳಿಗೆ ಎದುರಾಗಿದ್ದ ವಿಗ್ ಪಕ್ಷದವನು, ಐರ್ಲೆಂಡಿನ ಡಬ್ಲಿನ್‌ನಲ್ಲಿ ಹುಟ್ಟಿದವನು. ಹೈದರಾಲಿ 1780ರಲ್ಲಿ ಇಂದಿನ ತಮಿಳುನಾಡಿನ ಕಡೆಯ ಕರ್ನಾಟಿಕ್ ಪ್ರಾಂತ್ಯದ ಮೇಲೆ ಎರಗಿದ ಪರಿಯನ್ನು 1785ರಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಮೈ ಜುಮ್ಮೆನ್ನುವಂತೆ ಬಣ್ಣಿಸಿದ ಬರ್ಕ್, ಆ ಅನಾಹುತವನ್ನು ಮೈಮೇಲೆ ಎಳೆದುಕೊಂಡದ್ದು ಈಸ್ಟ್ ಇಂಡಿಯಾ ಕಂಪನಿಯ ನೌಕರರ ದುರಾಸೆ ಎಂದು ಅದೇ ಉಸಿರಿನಲ್ಲಿ ಆಪಾದಿಸಿದ. 1788ರಿಂದ ವಾರನ್ ಹೇಸ್ಟಿಂಗ್ಸ್‌ನ ವಿಚಾರಣೆಯ ಮುಂದಾಳತ್ವ ವಹಿಸಿದ. 1795ರಲ್ಲಿ ಹೇಸ್ಟಿಂಗ್ಸ್ ಖುಲಾಸೆಯಾಗುವವರೆಗೂ ಪಟ್ಟು ಸಡಿಲಿಸಲಿಲ್ಲ. ಭಾರತದ ಹಳೆಯ ಸಂಸ್ಥೆಗಳೂ ಇಂಗ್ಲೆಂಡಿನವುಗಳಷ್ಟೇ ಗೌರವಕ್ಕೆ ಅರ್ಹ ಎಂದು ಆತ ನಂಬಿದ್ದ. ಟ್ರಸ್ಟ್‌ನ ದಾಖಲೆಯನ್ನು ವಿರೋಧಿಸಿದ ಸಂಸದರು ಕೂರುವುದು ಆ ಆಪಾದನೆ ಕೇಳಿಬಂದ ಸದನದಲ್ಲಿಯೇ.