ಬಲವಾದ ಗಾಳಿಯಿದ್ದರೂ ವಿಂಡ್‌ಸರ್ಫಿಂಗ್‌ನಲ್ಲಿ ನನ್ನ ವೇಗ 28 ನಾಟ್ ದಾಟುತ್ತಿಲ್ಲ, ಏಕೆ?

ಗಾಳಿ 30 ನಾಟ್ ಬೀಸಿದ ದಿನವೂ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೊಮೀಟರ್) ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಮ್ಮ ಗರಿಷ್ಠ ವೇಗ 28ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಇನ್ನೂ ಜೋರು ಗಾಳಿಗೆ ಕಾಯಬೇಕೇ ಎಂದು ಕೇಳಿದ್ದೀರಿ. ಗಾಳಿ ನಿಮಗೆ ಈಗಲೇ ಸಾಕಷ್ಟಿದೆ. ಕೊರತೆಯಿರುವುದು ಸಪಾಟಾದ ನೀರಿಗೆ ಮತ್ತು ಗಾಳಿಯ ದಿಕ್ಕಿಗೆ ಹೋಲಿಸಿ ಓಡುವ ಸರಿಯಾದ ಕೋನಕ್ಕೆ ಎಂಬುದು ನನ್ನ ಅನುಭವ.

ನಾನು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ನೆಲೆಸಿದ್ದು, ಪೋರ್ಟ್‌ಲ್ಯಾಂಡ್ ಬಂದರಿನಲ್ಲಿ ಹಾಯಿ ಹಿಡಿಯುತ್ತೇನೆ. 1972ರಿಂದ ವೇಗದ ಸ್ಪರ್ಧೆಗಳು ನಡೆಯುತ್ತ ಬಂದಿರುವ ಜಾಗ ಅದು. ಅಲ್ಲಿಯೂ ನಾನು ಎರಡು ಚಳಿಗಾಲ 27 ನಾಟ್‌ನಲ್ಲೇ ಸಿಕ್ಕಿಕೊಂಡಿದ್ದೆ, ಏಕೆಂದರೆ ಗಾಳಿ ಜೋರಾದಷ್ಟೂ ಬಂದರಿನ ನಡುವಿನ ತೆರೆದ ನೀರಿಗೆ ಹೋಗುತ್ತಿದ್ದೆ. ಅಲ್ಲಿ ಮೊಣಕಾಲೆತ್ತರದ ಅಲೆಗಳು ಏಳುತ್ತವೆ. ಬೋರ್ಡ್ ಪ್ರತಿ ಅಲೆಗೂ ಕುಟ್ಟಿ ವೇಗ ಕಳೆದುಕೊಳ್ಳುತ್ತದೆ. ನೀರಿನ ತಡೆ ಸುಮಾರಾಗಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 30ರಿಂದ 33ಕ್ಕೆ ಏರಲು ಐದನೆಯ ಒಂದು ಭಾಗದಷ್ಟು ಹೆಚ್ಚು ಬಲ ಬೇಕಾಗುತ್ತದೆ, ಆ ಬಲವನ್ನು ಅಲೆಗಳಿಗೆ ದಾನ ಮಾಡಿದರೆ ಏನೂ ಉಳಿಯುವುದಿಲ್ಲ.

ಬಂದರಿನ ಪಶ್ಚಿಮಕ್ಕೆ ಚೆಸಿಲ್ ಬೀಚ್ ಎಂಬ ಬೆಣಚುಕಲ್ಲಿನ ಉದ್ದನೆಯ ದಿಬ್ಬವಿದೆ. ಅದು ಸಾಗರದ ಅಲೆಗಳನ್ನು ಪೂರ್ತಿ ತಡೆಯುತ್ತದೆ, ಗಾಳಿಯನ್ನು ಮಾತ್ರ ತನ್ನ ಮೇಲಿಂದ ಹಾಯಲು ಬಿಡುತ್ತದೆ. ದಿಬ್ಬದ ಪಕ್ಕದ ಕಿರಿದಾದ ಪಟ್ಟಿಯಲ್ಲಿ ಬಿರುಗಾಳಿಯಲ್ಲೂ ನೀರು ಸಣ್ಣ ಸುಕ್ಕುಗಳಷ್ಟೇ ಮೂಡಿದಂತಿರುತ್ತದೆ. ಆದರೆ ಗಾಳಿ ನೇರ ನೈಋತ್ಯದಿಂದ ಬಂದರೆ ದಿಬ್ಬದುದ್ದಕ್ಕೂ ಓಡುವುದು ಗಾಳಿಗೆ ಅಡ್ಡಲಾದ ಓಟವಾಗುತ್ತದೆ, ಅದರಲ್ಲಿ ದಾಖಲೆ ಹುಟ್ಟುವುದಿಲ್ಲ. ಗಾಳಿ ಪಶ್ಚಿಮಕ್ಕೆ ವಾಲಿದಾಗ ಆಗ್ನೇಯಕ್ಕೆ ಓಡಿದರೆ, ಗಾಳಿ ಬರುವ ದಿಕ್ಕಿನಿಂದ 120ರಿಂದ 135 ಡಿಗ್ರಿಯಷ್ಟು ತಿರುಗಿದ ಕೋನ ಸಿಗುತ್ತದೆ. ನನ್ನ ಒಳ್ಳೆಯ ಓಟಗಳೆಲ್ಲ ಬಂದದ್ದು ಅಲ್ಲಿಂದಲೇ. ನಿಮ್ಮ ಜಾಗದಲ್ಲಿಯೂ ಇಂಥ ದಡ, ಮರಳುದಿಣ್ಣೆ ಅಥವಾ ಅಲೆತಡೆ ಯಾವ ಗಾಳಿಗೆ ಒದಗುತ್ತದೆಂದು ನಕ್ಷೆ ಹಿಡಿದು ನೋಡಿ. ಫ್ರಾನ್ಸಿನ ವಿಂಡ್‌ಸರ್ಫರ್ ಆಂಟ್ವಾನ್ ಆಲ್ಬೊ 2015ರಲ್ಲಿ 500 ಮೀಟರ್ ಓಟದಲ್ಲಿ 53.27 ನಾಟ್ ಸಾಧಿಸಿದ್ದು ನಮೀಬಿಯದ ಲ್ಯೂಡೆರಿಟ್ಸ್‌ನಲ್ಲಿ, ಇದಕ್ಕೆಂದೇ ತೋಡಿದ ಕಾಲುವೆಯಲ್ಲಿ.

ನಾನು 30 ದಾಟಿದ ನವೆಂಬರ್ ಮಧ್ಯಾಹ್ನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗಾಳಿಯ ಬೀಸು ನೀರಿನ ಮೇಲೆ ಕಪ್ಪು ನೆರಳಾಗಿ ಹರಿದುಬರುತ್ತದೆ. ಅಲ್ಲಿಯವರೆಗೆ ಅದು ತಾಗುವ ಮೊದಲೇ ಆತುರದಿಂದ ದಿಕ್ಕು ತಿರುಗಿಸಿ ಓಟ ಹಾಳುಮಾಡಿಕೊಳ್ಳುತ್ತಿದ್ದೆ. ಆ ದಿನ ಅಡ್ಡ ಓಟದಲ್ಲೇ ಕಾದೆ. ನೆರಳು ಹಾಯಿಗೆ ತಾಗಿ, ಹಾಯಿಗೆ ಕೊಂಡಿ ಹಾಕಿಕೊಳ್ಳುವ ಪಟ್ಟಿಯಾದ ಹಾರ್ನೆಸ್ ಸೊಂಟವನ್ನು ಬಲವಾಗಿ ಎಳೆದಾಗ, ಮುಂಗಾಲು ನೆಟ್ಟಗೆ ಮಾಡಿ, ಹಾಯಿಯ ಬುಡವನ್ನು ಬೋರ್ಡ್‌ಗೆ ಒತ್ತಿ, ಮೆಲ್ಲಗೆ ಗಾಳಿಯ ಜೊತೆ ತಿರುಗಿದೆ. ಬೋರ್ಡ್‌ನ ತಳದಲ್ಲಿರುವ ರೆಕ್ಕೆಯಾದ ಫಿನ್‌ನ ಗುಂಯ್‌ಗುಡುವಿಕೆ ಒಂದು ಸ್ವರ ಮೇಲೇರಿತು, ತುಂತುರು ಕೆನ್ನೆಗೆ ಸೂಜಿಯಂತೆ ಚುಚ್ಚಿತು. ಹತ್ತು ಸೆಕೆಂಡಿನ ಸರಾಸರಿ 30.6.

ಸಲಕರಣೆಯಲ್ಲಿ ನನಗೆ ನೆರವಾದದ್ದು ಚಿಕ್ಕದಕ್ಕೆ ಇಳಿದದ್ದು. 72 ಕಿಲೊ ತೂಕದ ನಾನು 6.4 ಚದರ ಮೀಟರ್ ಹಾಯಿಯೊಂದಿಗೆ ಹೆಣಗಾಡುತ್ತಿದ್ದೆ, 5.6ಕ್ಕೆ ಇಳಿದು, ಫಿನ್ ಅನ್ನು 34ರಿಂದ 29 ಸೆಂಟಿಮೀಟರ್‌ಗೆ ತಂದು, ಹಾಯಿಯನ್ನು ಕೆಳಕ್ಕೆ ಇನ್ನಷ್ಟು ಬಿಗಿದ ಮೇಲೆ ಅದರ ಮೇಲ್ತುದಿ ಬೀಸಿಗೆ ಸಡಿಲವಾಗಿ ತೆರೆದುಕೊಂಡು ಹೆಚ್ಚುವರಿ ಒತ್ತಡವನ್ನು ಬಿಟ್ಟುಕೊಡತೊಡಗಿತು, ನನಗೆ ಧೈರ್ಯದಿಂದ ತಿರುಗಲು ಸಾಧ್ಯವಾಯಿತು.

ನೀವು ಹೇಳಿದ 28 ಕ್ಷಣಮಾತ್ರದ ಗರಿಷ್ಠ ಅಂಕಿಯಾದರೆ ಅದನ್ನು ನೆಚ್ಚಬೇಡಿ, ಬೀಳುವಾಗ ಕೈ ಬೀಸಿದರೂ ಕೈಗೆ ಕಟ್ಟಿದ ಜಿಪಿಎಸ್ ಗಡಿಯಾರ ಸುಳ್ಳು ವೇಗ ತೋರಿಸಬಲ್ಲದು. ಉಪಗ್ರಹ ಸಂಕೇತದ ಡಾಪ್ಲರ್ ಪಲ್ಲಟದಿಂದ, ಅಂದರೆ ಚಲನೆಯಿಂದ ಸಂಕೇತದ ಆವರ್ತನದಲ್ಲಾಗುವ ಬದಲಾವಣೆಯಿಂದ, ವೇಗ ಅಳೆಯುವ ಜಿಪಿಎಸ್ ಬಳಸಿ, ಹತ್ತು ಸೆಕೆಂಡಿನ ಸರಾಸರಿಯನ್ನೇ ನಿಮ್ಮ ದಾಖಲೆಯೆಂದು ಇಟ್ಟುಕೊಳ್ಳಿ. 30 ನಾಟ್‌ನಲ್ಲಿ ಅದು ಸುಮಾರು 154 ಮೀಟರ್ ಓಟ, ಅದೃಷ್ಟದಿಂದ ಬರುವುದಿಲ್ಲ.

ಹೆಲ್ಮೆಟ್ ಮತ್ತು ಎದೆ ಕಾಯುವ ಜಾಕೆಟ್ ಇಲ್ಲದೆ ದಯವಿಟ್ಟು ಇಳಿಯಬೇಡಿ. ಒಮ್ಮೆ ಫಿನ್ ಹಿಡಿತ ತಪ್ಪಿ ಹಾಯಿಯ ಮೇಲಿಂದ ಎಸೆಯಲ್ಪಟ್ಟು ಪಕ್ಕೆಲುಬು ಬಿರುಕು ಬಿಟ್ಟಾಗ ನಾನು ಆರು ವಾರ ನೀರಿಗಿಳಿಯಲಿಲ್ಲ. ನೀರು ಸಪಾಟಾಗಿರುವ ಕಡೆ ಆಳವೂ ಕಡಿಮೆಯಿರುತ್ತದೆ, ಉಬ್ಬರದ ವೇಳೆ ನೋಡಿಕೊಳ್ಳಿ.

ಮುಂದಿನ ಗಾಳಿಯ ದಿನದ ಜಿಪಿಎಸ್ ಜಾಡನ್ನೂ ಆ ಹೊತ್ತಿನ ಗಾಳಿಯ ದಿಕ್ಕನ್ನೂ ಇಲ್ಲಿ ಹಾಕಿದರೆ, ಯಾವ ಕೋನದಲ್ಲಿ ವೇಗ ಕಳೆದುಕೊಳ್ಳುತ್ತಿದ್ದೀರೆಂದು ನೋಡಿ ಹೇಳುತ್ತೇನೆ.